ಕಡ್ಮತ್ತಿನ ಕಡಲಡಿಯ ಗೋಡೆ

2024ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಲಕ್ಷದ್ವೀಪದಲ್ಲಿ ನೀರಿಗಿಳಿದು ಹವಳ, ಮೀನು ನೋಡಿದ ಫೋಟೋಗಳು ಬಂದ ಮೇಲೆ ನಮ್ಮ ಕಾಸರಗೋಡು, ಮಂಗಳೂರು ಕಡೆಯ ಫ್ಯಾಮಿಲಿ ಗ್ರೂಪುಗಳಲ್ಲಿಯೂ ಆ ದ್ವೀಪಗಳ ಮಾತು ಜೋರಾಯಿತು. ಹೊಸದಾಗಿ ಮದುವೆಯಾದವರು ಮಾಲ್ದೀವ್ಸ್ ಬಿಟ್ಟು ಅಲ್ಲಿಗೆ ಹೋಗುವ ಲೆಕ್ಕ ಹಾಕಿದರು. ನಾವು ಮೂವರು, ಗಂಡ, ಹದಿನೇಳು ವರ್ಷದ ಮಗ ಮತ್ತು ನಾನು, ಕಳೆದ ಡಿಸೆಂಬರಿನಲ್ಲಿ ಕಡ್ಮತ್ ದ್ವೀಪಕ್ಕೆ ಹೋಗಿ, ಸ್ಕೂಬಾ ಡೈವಿಂಗ್ ಮಾಡಿ ಬಂದೆವು. ಬಂದ ಮೇಲೆ ಸಿಕ್ಕವರೆಲ್ಲ ಎರಡೇ ಪ್ರಶ್ನೆ ಕೇಳಿದರು: ಎಷ್ಟು ಖರ್ಚಾಯಿತು? ಹೆಂಗಸರು ಆ ಡ್ರೆಸ್ಸು ಹಾಕಿ ನೀರಿಗಿಳಿಯುವುದು ಹೇಗೆ?

ಖರ್ಚು ಸೀಸನ್ನಿನಿಂದ ಸೀಸನ್ನಿಗೆ ಬದಲಾಗುತ್ತದೆ, ಹಾಗಾಗಿ ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡನೆಯ ಪ್ರಶ್ನೆಗೆ ಮುಂದೆ ಉತ್ತರ ಇದೆ. ಆದರೆ ನಾನು ಮುಖ್ಯವಾಗಿ ಬರೆಯಲು ಕೂತದ್ದು ಯಾರೂ ಕೇಳದ ಇನ್ನೊಂದು ವಿಷಯದ ಬಗ್ಗೆ. ಆ ದ್ವೀಪ ಯಾವುದರ ಮೇಲೆ ನಿಂತಿದೆ, ಅದನ್ನು ಕಡಲಿನಿಂದ ಕಾಯುವುದು ಯಾವುದು ಎಂಬುದನ್ನು ನೀರಿನೊಳಗೆ ಕಣ್ಣಾರೆ ಕಂಡೆ. ಕಡಲ್ಕೊರೆತದ ಊರಿನಿಂದ ಹೋದವಳಾದ್ದರಿಂದ ಅದು ನನಗೆ ಬರೀ ಚಂದದ ನೋಟವಾಗಿ ಉಳಿಯಲಿಲ್ಲ.

ಮೊದಲು ಒಂದು ಹಳೆಯ ಸಂಬಂಧದ ಬಗ್ಗೆ ಹೇಳಬೇಕು. ಲಕ್ಷದ್ವೀಪ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಅದು ಕೊಚ್ಚಿಯವರ ದ್ವೀಪ, ದೂರದ ದೇಶ. ಆದರೆ ಅಲ್ಲಿನ ಉತ್ತರದ ಐದು ದ್ವೀಪಗಳು, ಅಂದರೆ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್ ಮತ್ತು ಬಿತ್ರಾ, ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ಇವುಗಳಿಗೆ ಅಮಿನ್‌ದೀವಿ ದ್ವೀಪಗಳು ಅಂತ ಹೆಸರು. ಮೊದಲು ಇವು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಹದಿನೆಂಟನೇ ಶತಮಾನದ ಕೊನೆಗೆ ಟಿಪ್ಪು ಸುಲ್ತಾನರ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪೆನಿಯ ಪಾಲಾಗಿ, ಮಂಗಳೂರಿನ ಕಲೆಕ್ಟರರ ಕೆಳಗೆ ಸೇರಿದವು. ದ್ವೀಪದ ಕತ್ತ, ಅಂದರೆ ತೆಂಗಿನ ನಾರಿನ ಹಗ್ಗ, ಮಂಗಳೂರಿಗೆ ಬರಬೇಕು. ಅದರ ಬದಲಿಗೆ ಇಲ್ಲಿಂದ ಅಕ್ಕಿ ಹೋಗಬೇಕು. ಕತ್ತದ ವ್ಯಾಪಾರ ಸರಕಾರದ ಏಕಸ್ವಾಮ್ಯವಾಗಿತ್ತು.

ನನ್ನ ಅಜ್ಜ ಮಂಗಳೂರಿನ ಬಂದರಿನಲ್ಲಿ ಒಂದು ಅಕ್ಕಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮಳೆಗಾಲ ಮುಗಿದ ಮೇಲೆ ದ್ವೀಪದವರ ಓಡಗಳು ಬರುತ್ತಿದ್ದವು, ತೆಂಗಿನಕಾಯಿ, ಕೊಪ್ಪರ, ಕತ್ತ, ಒಣಗಿಸಿದ ಕೇದಾರ ಮೀನು ತರುತ್ತಿದ್ದವು, ಅಕ್ಕಿ, ಬಟ್ಟೆ, ಪಾತ್ರೆ ತೆಗೆದುಕೊಂಡು ಹೋಗುತ್ತಿದ್ದವು ಅಂತ ಅವರು ಹೇಳುತ್ತಿದ್ದುದನ್ನು ಉಮ್ಮ ಈಗಲೂ ನೆನಪಿಸಿಕೊಳ್ಳುತ್ತಾರೆ. ಇವತ್ತಿಗೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳು ಲಕ್ಷದ್ವೀಪಕ್ಕೆ ತರಕಾರಿ, ಸಿಮೆಂಟು, ಜಲ್ಲಿ ತುಂಬಿಕೊಂಡು ಹೋಗುತ್ತವೆ. ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂದದ್ದು ಅನ್ನುವ ಮಾತಿದೆಯಲ್ಲ, ಆ ವ್ಯಾಪಾರದ ಒಂದು ತುದಿ ಈ ದ್ವೀಪಗಳಲ್ಲಿತ್ತು.

1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಕೊಟ್ಟಾಗ ಎರಡು ಜಾಗಗಳನ್ನು ಹೊರಗಿಟ್ಟರು. ಒಂದು ಕಾಸರಗೋಡು ತಾಲೂಕು, ಇನ್ನೊಂದು ಅಮಿನ್‌ದೀವಿ ದ್ವೀಪಗಳು. ಒಂದೇ ಸಾಲಿನಲ್ಲಿ ಎರಡೂ ಹೆಸರು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಹೋದೆವು, ಅವರು ಮಲಬಾರಿನ ಕಡೆಯ ದ್ವೀಪಗಳ ಜೊತೆ ಸೇರಿ ಕೇಂದ್ರಾಡಳಿತ ಪ್ರದೇಶವಾದರು. ಲಕ್ಷದ್ವೀಪ ಎಂಬ ಹೆಸರು ಅಧಿಕೃತವಾಗಿ ಬಂದದ್ದು 1973ರಲ್ಲಿ. ಕಾಸರಗೋಡಿನ ಕನ್ನಡಿಗರು ನವೆಂಬರ್ 1ರ ಬಗ್ಗೆ ಎಷ್ಟೋ ಬರೆದಿದ್ದೇವೆ. ಅದೇ ದಿನ ಅದೇ ಜಿಲ್ಲೆಯಿಂದ ಬೇರೆಯಾದ ಇನ್ನೊಬ್ಬ ನೆರೆಮನೆಯವರ ಹೆಸರು ಮಾತ್ರ ನಮ್ಮ ಬಾಯಲ್ಲಿ ಬರುವುದೇ ಇಲ್ಲ.

ಹೋಗುವ ದಾರಿ ಈಗ ಸುತ್ತು. ದ್ವೀಪ ಇರುವುದು ನಮ್ಮ ಕರಾವಳಿಯ ನೈರುತ್ಯಕ್ಕೆ. ನಾವು ಮಾತ್ರ ಉಪ್ಪಳದಿಂದ ರೈಲಿನಲ್ಲಿ ದಕ್ಷಿಣಕ್ಕೆ ಕೊಚ್ಚಿಯ ತನಕ ಹೋಗಿ, ಅಲ್ಲಿಂದ ಹಡಗಿನಲ್ಲಿ ಮತ್ತೆ ವಾಯವ್ಯಕ್ಕೆ ಸುಮಾರು 400 ಕಿಲೋಮೀಟರ್ ಹೋದೆವು. ದ್ವೀಪದವರಲ್ಲದ ಯಾರಿಗೇ ಆಗಲಿ ಅಲ್ಲಿಗೆ ಹೋಗಲು ಪರವಾನಗಿ ಬೇಕು. ನಮ್ಮದೇ ದೇಶ ಅಂತ ಟಿಕೆಟ್ ಮಾಡಿ ಹೊರಡುವ ಹಾಗಿಲ್ಲ. ಇದು ಕಿರಿಕಿರಿ ಅಂತ ಗಂಡ ಗೊಣಗಿದರು. ಅಲ್ಲಿ ಹೋಗಿ ದ್ವೀಪದ ಅಗಲ ನೋಡಿದ ಮೇಲೆ ಸುಮ್ಮನಾದರು. ಕಡ್ಮತ್ ಉದ್ದಕ್ಕೆ ಎಂಟು ಕಿಲೋಮೀಟರ್ ಮೇಲಿದೆ, ಅಗಲ ಅತಿ ಹೆಚ್ಚೆಂದರೆ ಅರ್ಧ ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. 2011ರ ಜನಗಣತಿಯಲ್ಲಿ ಅಲ್ಲಿ ಐದು ಸಾವಿರ ಚಿಲ್ಲರೆ ಜನ. ಇಡೀ ಲಕ್ಷದ್ವೀಪದ ಭೂಮಿ ಸೇರಿಸಿದರೂ 32 ಚದರ ಕಿಲೋಮೀಟರ್, ಜನ ಸುಮಾರು 64 ಸಾವಿರ. ನಮ್ಮಲ್ಲಿ ಒಂದೆರಡು ಪಂಚಾಯತಿನಷ್ಟು ಜಾಗ.

ಭಾಷೆಯ ವಿಷಯ ಹೇಳಿದರೆ ಈ ಬರಹ ಓದುವವರಿಗೆ ಖುಷಿಯಾಗಬಹುದು. ಮಿನಿಕಾಯ್ ಬಿಟ್ಟು ಉಳಿದ ದ್ವೀಪಗಳಲ್ಲಿ ಆಡುವುದು ಜೆಸರಿ. ಅದನ್ನು ಮಲಯಾಳದ ಉಪಭಾಷೆ ಅಂತ ಕರೆಯುತ್ತಾರೆ, ನಮ್ಮ ಬ್ಯಾರಿಯನ್ನು ಕರೆದ ಹಾಗೆಯೇ. ಮಲಯಾಳದ "ವಾ" ನಮ್ಮ ಬ್ಯಾರಿಯಲ್ಲಿ "ಬಾ". ಜೆಸರಿಯಲ್ಲಿಯೂ "ಬಾ". ಕನ್ನಡದಲ್ಲಿಯೂ "ಬಾ". ಮೊದಲ ದಿನ ಒಬ್ಬ ಅಜ್ಜಿ ಮನೆಯ ಮೆಟ್ಟಿಲಿನಿಂದ "ಬಾ, ಬಾ" ಅಂತ ಕರೆದಾಗ ನಾನು ಹಿಂದೆ ಮುಂದೆ ನೋಡದೆ ಹೋಗಿ ಕೂತುಬಿಟ್ಟೆ. ಮಾತು ಪೂರ್ತಿ ಅರ್ಥವಾಗಲಿಲ್ಲ. ನಮ್ಮ "ಪ" ಅಲ್ಲಿ "ಫ" ಆಗುತ್ತದೆ, "ಚ" ಎಂಬುದು "ಶ" ಆಗುತ್ತದೆ. ಆದರೂ ಮಗಳ ಮದುವೆ, ಮೀನಿನ ರೇಟು, ಮೊಣಕಾಲು ನೋವು, ಇಷ್ಟನ್ನು ಮಾತಾಡಲು ನಮಗಿಬ್ಬರಿಗೂ ಕಷ್ಟವಾಗಲಿಲ್ಲ. ಆಂದ್ರೋತ್ ದ್ವೀಪದಲ್ಲಿ ಹಝ್ರತ್ ಉಬೈದುಲ್ಲಾಹ್ ಅವರ ಮಖ್ಬರಾ ಇದೆ. ಕಡಲ ಮೂಲಕ ಬಂದು ದ್ವೀಪಗಳಿಗೆ ದೀನ್ ತಂದವರು ಅವರು ಎಂಬುದು ಅಲ್ಲಿನ ಪರಂಪರೆ. ನಾನು ತಳಂಗರೆಯ ಮಾಲಿಕ್ ದೀನಾರ್ ಮಸೀದಿಯ ಮಾತು ತೆಗೆದಾಗ ಅಜ್ಜಿಗೆ ಅದರ ಹೆಸರು ಗೊತ್ತಿತ್ತು.

ಇನ್ನು ಉಮ್ಮನ ವಿಷಯ. ನಾವು ಕಡಲಿನಡಿ ಇಳಿಯುತ್ತೇವೆ ಅಂದದ್ದು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಅದಕ್ಕೆ ಕಾರಣ ಇದೆ. ಉಮ್ಮ ಹುಟ್ಟಿ ಬೆಳೆದ ಮನೆ ಉಪ್ಪಳದ ಮೂಸೋಡಿ ಕಡೆ, ಕಡಲಿಗೆ ಹತ್ತಿರ. ನಾನು ಚಿಕ್ಕವಳಿದ್ದಾಗ ಅಲ್ಲಿ ಮನೆಯ ಮುಂದೆ ತೆಂಗಿನ ಎರಡು ಸಾಲು, ಅದರಾಚೆ ಬೋಟು ಎಳೆದು ಹಾಕುವ ಮರಳು, ಅದರಾಚೆ ಕಡಲು ಇತ್ತು. ಒಂದು ಮಳೆಗಾಲ ಮರಳು ಹೋಯಿತು. ಮತ್ತೆ ಎರಡು ಮಳೆಗಾಲದಲ್ಲಿ ತೆಂಗಿನ ಒಂದು ಸಾಲು, ಆಮೇಲೆ ಇನ್ನೊಂದು. ಕಪ್ಪು ಕಲ್ಲು ತಂದು ಸುರಿದರು. ಕಲ್ಲು ಕೆಳಗೆ ಜಾರಿತು. ಕೊನೆಗೆ ಅಡುಗೆ ಮನೆಯ ಗೋಡೆ ಬಿದ್ದ ರಾತ್ರಿ ಮಾಮ ಎಲ್ಲರನ್ನೂ ಕರೆದುಕೊಂಡು ಹೈವೇಯ ಆಚೆ ಬಾಡಿಗೆ ಮನೆಗೆ ಬಂದರು. ಈಗ ಆ ಜಾಗದಲ್ಲಿ ನೀರಿದೆ. ಉಮ್ಮ ಕಡಲನ್ನು ಬಯ್ಯುವುದಿಲ್ಲ, ಆದರೆ ಅದರ ಎದುರು ನಿಂತು ಫೋಟೋ ತೆಗೆಸಿಕೊಳ್ಳುವುದೂ ಇಲ್ಲ. ಬೇಕಲ ಕೋಟೆಗೆ ಹೋದರೂ ಬೆನ್ನು ಹಾಕಿ ಕೂರುತ್ತಾರೆ. "ದುಡ್ಡು ಕೊಟ್ಟು ಅದರ ಹೊಟ್ಟೆಗೆ ಹೋಗುವುದು ಯಾಕೆ?" ಅಂತ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಮಗನ ಆಸೆ ಅಂದೆ.

ಡೈವಿಂಗಿಗೆ ಮೊದಲು ಒಂದು ಫಾರ್ಮ್ ತುಂಬಬೇಕು. ಉಬ್ಬಸ, ಹೃದಯದ ಕಾಯಿಲೆ, ಫಿಟ್ಸ್, ಕಿವಿ ಅಥವಾ ಸೈನಸ್ ತೊಂದರೆ, ಗರ್ಭಿಣಿಯೇ ಎಂಬುದನ್ನೆಲ್ಲ ಕೇಳುತ್ತಾರೆ. ಇದನ್ನು ಸುಮ್ಮನೆ "ಇಲ್ಲ, ಇಲ್ಲ" ಅಂತ ಗೀಚಬಾರದು. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ನಮ್ಮ ಮೈಮೇಲಿನ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟಾಗುತ್ತದೆ. ಕಿವಿಯೊಳಗಿನ ಗಾಳಿ ಕುಗ್ಗಿ ಪರದೆ ಒಳಕ್ಕೆ ಎಳೆಯುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ ಅದನ್ನು ಸರಿ ಮಾಡುತ್ತಾ ಇಳಿಯಬೇಕು. ಶೀತ ಇದ್ದರೆ ಅದು ಆಗುವುದಿಲ್ಲ, ಆ ದಿನ ಇಳಿಯಬಾರದು. ಮೇಲೆ ಬರುವಾಗ ಗಾಳಿ ಹಿಗ್ಗುತ್ತದೆ. ಅದಕ್ಕೇ ಮೊದಲ ನಿಯಮ, ಉಸಿರು ಹಿಡಿಯಬಾರದು. ಒಂದೇ ಸಮ ಉಸಿರಾಡುತ್ತಾ ಇರಬೇಕು. ಹೆಬ್ಬೆರಳು ಮೇಲೆ ಮಾಡಿದರೆ ನಮ್ಮಲ್ಲಿ "ಒಳ್ಳೆಯದು" ಅಂತ ಅರ್ಥ. ಅಲ್ಲಿ "ಮೇಲೆ ಹೋಗೋಣ" ಅಂತ. ಸರಿ ಇದೆ ಅನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಡೈವ್ ಮಾಡಿದ ಮೇಲೆ ಕನಿಷ್ಠ ಒಂದು ದಿನ ವಿಮಾನ ಹತ್ತಬಾರದು, ಯಾಕೆಂದರೆ ರಕ್ತದಲ್ಲಿ ಕರಗಿದ ನೈಟ್ರೋಜನ್ ಹೊರಬರಲು ಸಮಯ ಬೇಕು. ಅಗತ್ತಿಯಿಂದ ವಿಮಾನದಲ್ಲಿ ಮರಳುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಡ್ರೆಸ್ಸಿನ ಪ್ರಶ್ನೆಗೆ ಉತ್ತರ ಇದು. ವೆಟ್‌ಸೂಟ್ ಕುತ್ತಿಗೆಯಿಂದ ಕಾಲಿನ ಗಂಟಿನ ತನಕ ಮುಚ್ಚುವ ರಬ್ಬರಿನಂಥ ಬಟ್ಟೆ, ಆದರೆ ಮೈಗೆ ಅಂಟಿಕೊಳ್ಳುತ್ತದೆ. ನಾನು ಅದರ ಮೇಲೆ ಮೊಣಕಾಲಿನ ತನಕ ಬರುವ ತೆಳುವಾದ ಈಜಿನ ಅಂಗಿ ಹಾಕಿದೆ, ತಲೆಗೆ ಈಜಿನ ಹುಡ್. ಸಡಿಲವಾದ ಶಾಲು, ಪಿನ್ನು ಇರಬಾರದು, ಪೈಪಿಗೆ ಸಿಕ್ಕಿಕೊಳ್ಳುತ್ತದೆ. ಮೊದಲೇ ಹೇಳಿದ್ದರಿಂದ ಯಾರೂ ಆಕ್ಷೇಪಿಸಲಿಲ್ಲ. ಹೇಳಿಕೊಡುವವನು ದ್ವೀಪದ್ದೇ ಹುಡುಗ, ನನ್ನ ತಮ್ಮನ ಪ್ರಾಯ, ನನ್ನನ್ನು "ಇತ್ತ" ಅಂತ ಕರೆಯುತ್ತಿದ್ದ. ನೀರಿನಡಿ ಅವನು ನನ್ನ ಸಿಲಿಂಡರ್ ಹಿಡಿದ, ಗಂಡ ನನ್ನ ಕೈ ಹಿಡಿದರು. ಇದರಲ್ಲಿ ಯಾರು ಏನು ಸರಿ ಅಂದುಕೊಳ್ಳುತ್ತಾರೋ ಅದು ಅವರವರಿಗೆ ಬಿಟ್ಟದ್ದು. ನನಗೆ ನೆಮ್ಮದಿಯಾದ ರೀತಿ ಇದು.

ಮೊದಲ ದಿನ ಲಗೂನಿನಲ್ಲಿ ಅಭ್ಯಾಸ. ಲಗೂನ್ ಅಂದರೆ ದ್ವೀಪಕ್ಕೂ ಹವಳದ ದಿಬ್ಬಕ್ಕೂ ನಡುವಿನ ಶಾಂತವಾದ ನೀರು. ಎದೆಮಟ್ಟದ ನೀರಿನಲ್ಲಿ ಮೊಣಕಾಲೂರಿ ಕೂತು ಬಾಯಿಯಲ್ಲಿ ಉಸಿರಾಡುವುದು ಕಲಿಯಬೇಕು. ಅದು ನನಗೆ ಅರ್ಧ ಗಂಟೆ ತೆಗೆದುಕೊಂಡಿತು. ಮೂಗು ಮುಚ್ಚಿದ ತಕ್ಷಣ ದೇಹ ಹೆದರುತ್ತದೆ, ಬುದ್ಧಿ ಎಷ್ಟು ಹೇಳಿದರೂ ಕೇಳುವುದಿಲ್ಲ. ಮನಸ್ಸಿನಲ್ಲೇ ಸ್ವಲಾತ್ ಹೇಳುತ್ತಾ ಒಂದೊಂದು ಉಸಿರು ಎಣಿಸಿದೆ. ನಿಧಾನಕ್ಕೆ ಒಂದು ಲಯ ಬಂತು.

ಮರುದಿನ ಬೆಳಿಗ್ಗೆ ದೋಣಿಯಲ್ಲಿ ದಿಬ್ಬ ದಾಟಿ ಹೊರಗಿನ ಕಡಲಿಗೆ ಹೋದೆವು. ದೋಣಿ ದಿಬ್ಬ ದಾಟುವಾಗಲೇ ವ್ಯತ್ಯಾಸ ಗೊತ್ತಾಗುತ್ತದೆ. ಒಳಗೆ ತಟ್ಟೆಯಲ್ಲಿಟ್ಟ ನೀರಿನ ಹಾಗೆ, ತಿಳಿ ಹಸಿರು. ಹೊರಗೆ ಕಡು ನೀಲಿ, ನಮ್ಮ ಕಡಲಿನದೇ ಅಲೆ. ನಡುವೆ ಬಿಳಿ ನೊರೆಯ ಒಂದು ಗೆರೆ, ಉದ್ದಕ್ಕೂ. ಅಲ್ಲಿ ಅಲೆ ಒಡೆಯುತ್ತದೆ. ದಡದ ತನಕ ಬರುವುದೇ ಇಲ್ಲ.

ಇಳಿದೆವು. ಒಂದು ಮೀಟರ್, ಕಿವಿ ಸರಿ ಮಾಡು, ಮತ್ತೆ ಒಂದು ಮೀಟರ್. ಹುಡುಗನ ಕೈಗಡಿಯಾರದಂಥ ಯಂತ್ರ ಕೊನೆಗೆ ಒಂಬತ್ತು ಮೀಟರ್ ತೋರಿಸಿತು. ಟಿವಿಯಲ್ಲಿ ನೋಡಿದಷ್ಟು ಬಣ್ಣ ಅಲ್ಲಿಲ್ಲ. ನೀರು ಮೊದಲು ಕೆಂಪನ್ನು ನುಂಗುತ್ತದೆ, ಆ ಆಳದಲ್ಲಿ ಎಲ್ಲವೂ ನೀಲಿ ಬೂದು. ಹುಡುಗ ಟಾರ್ಚು ಹಾಕಿದ ಜಾಗದಲ್ಲಿ ಮಾತ್ರ ಕೆಂಪು, ಕಿತ್ತಳೆ ಹೊಮ್ಮುತ್ತದೆ. ಮೌನ ಅಂದುಕೊಂಡಿದ್ದೆ, ಮೌನವೂ ಇಲ್ಲ. ನಮ್ಮ ಉಸಿರಿನ ಗುಳುಗುಳು, ಅದರ ಹಿಂದೆ ಯಾರೋ ದೂರದಲ್ಲಿ ಸಕ್ಕರೆ ಕಡಿಯುವ ಹಾಗೆ ಕಟಕಟ. ಎಲ್ಲಿಂದ ಅಂತ ಗೊತ್ತಾಗುವುದಿಲ್ಲ, ನೀರಿನಲ್ಲಿ ಸದ್ದು ಗಾಳಿಯಲ್ಲಿ ಹೋಗುವುದಕ್ಕಿಂತ ನಾಲ್ಕು ಪಟ್ಟು ವೇಗದಲ್ಲಿ ಹೋಗುವುದರಿಂದ ಕಿವಿಗೆ ದಿಕ್ಕು ಸಿಗುವುದಿಲ್ಲ. ಹುಡುಗ ತೋರಿಸಿದ. ಗಿಣಿಯ ಕೊಕ್ಕಿನಂಥ ಬಾಯಿಯ ಹಸಿರು ನೀಲಿ ಮೀನುಗಳು ಹವಳದ ಬಂಡೆಯನ್ನು ಕಚ್ಚಿ ತಿನ್ನುತ್ತಿದ್ದವು. ಒಂದು ಮೀನು ನನ್ನ ಎದುರಿಗೇ ಈಜುತ್ತಾ ಹಿಂದಿನಿಂದ ಬಿಳಿ ಪುಡಿಯ ಒಂದು ಮೋಡ ಬಿಟ್ಟಿತು. ಮಗ ನಗಲು ಹೋಗಿ ಮಾಸ್ಕಿಗೆ ನೀರು ತುಂಬಿಸಿಕೊಂಡ.

ಆ ಬಿಳಿ ಪುಡಿಯೇ ಮರಳು. ದೋಣಿಗೆ ಮರಳಿದ ಮೇಲೆ ಹುಡುಗ ವಿವರಿಸಿದ. ಗಿಣಿಮೀನು ಬಂಡೆಯ ಮೇಲಿನ ಪಾಚಿ ತಿನ್ನಲು ಹವಳದ ಸುಣ್ಣವನ್ನೂ ಅಗಿಯುತ್ತದೆ, ಅರೆದು ಹೊರಗೆ ಹಾಕುತ್ತದೆ. ದೊಡ್ಡ ಮೀನೊಂದು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡಬಲ್ಲದು. ನಿನ್ನೆ ನಾವು ಬರಿಗಾಲಿನಲ್ಲಿ ನಡೆದ ಬಿಳಿ ದಡದಲ್ಲಿ ನಮ್ಮ ಊರಿನ ಹೊಳೆ ಮರಳಿನಂಥದ್ದು ಏನೂ ಇಲ್ಲ. ಅಲ್ಲಿ ಹೊಳೆಯೇ ಇಲ್ಲ, ಬೆಟ್ಟವಿಲ್ಲ, ಕಲ್ಲಿಲ್ಲ. ಇಡೀ ದ್ವೀಪವೇ ಹವಳದ ಪುಡಿ. ಅದರ ಮೇಲೆ ತೆಂಗು, ಮಸೀದಿ, ಶಾಲೆ, ಆ ಅಜ್ಜಿಯ ಮನೆ. ಬಾವಿಯ ನೀರು ಕೂಡ ಆ ಮರಳಿನಲ್ಲಿ ಇಂಗಿದ ಮಳೆನೀರೇ. ಕೆಳಗಿನ ಉಪ್ಪು ನೀರಿನ ಮೇಲೆ ಹಗುರವಾದ ಸಿಹಿನೀರು ತೇಲಿಕೊಂಡು ನಿಂತಿರುತ್ತದೆ. ಕಡಲ ಉಬ್ಬರ ಬಂದಾಗ ಬಾವಿಯ ನೀರೂ ಸ್ವಲ್ಪ ಮೇಲೇರುತ್ತದೆ, ಇಳಿತದಲ್ಲಿ ಇಳಿಯುತ್ತದೆ. ಜಾಸ್ತಿ ಎಳೆದರೆ ಉಪ್ಪು ಬರುತ್ತದೆ.

ಹವಳ ಅಂದರೆ ನಮ್ಮಲ್ಲಿ ಸರದ ಮಣಿ. ಸೂರಃ ಅರ್ರಹ್ಮಾನ್‌ನಲ್ಲಿ ಮುತ್ತಿನ ಜೊತೆ ಮರ್ಜಾನಿನ ಹೆಸರು ಬರುತ್ತದೆ ಅಂತ ಮದ್ರಸದಲ್ಲಿ ಕಲಿತದ್ದು. ಆದರೆ ಈ ದಿಬ್ಬ ಕಟ್ಟುವ ಹವಳ ಸಣ್ಣ ಸಣ್ಣ ಪ್ರಾಣಿಗಳ ಗುಂಪು. ಒಂದೊಂದೂ ತನ್ನ ಸುತ್ತ ಸುಣ್ಣದ ಮನೆ ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಪಾಚಿ ಬಿಸಿಲಿನಿಂದ ಅನ್ನ ಮಾಡಿ ಕೊಡುತ್ತದೆ, ಬಣ್ಣವೂ ಅದರದೇ. ದ್ವೀಪ ಹೀಗೆ ಉಂಗುರದ ಆಕಾರದಲ್ಲಿ ಯಾಕಿರುತ್ತದೆ ಎಂಬುದಕ್ಕೆ ಚಾರ್ಲ್ಸ್ ಡಾರ್ವಿನ್ 1842ರಲ್ಲೇ ಪುಸ್ತಕ ಬರೆದರು. ಹಳೆಯ ಬೆಟ್ಟ ನಿಧಾನಕ್ಕೆ ಕಡಲಿನಲ್ಲಿ ಮುಳುಗುತ್ತದೆ, ಅದರ ಸುತ್ತ ಹತ್ತಿಕೊಂಡ ಹವಳ ಬೆಳಕಿಗಾಗಿ ಮೇಲೆ ಮೇಲೆ ಬೆಳೆಯುತ್ತದೆ, ಬೆಟ್ಟ ಹೋಗಿ ಉಂಗುರ ಉಳಿಯುತ್ತದೆ. ಆ ಉಂಗುರವೇ ಅಲೆ ಒಡೆಯುವ ಗೋಡೆ.

ನನ್ನ ತಲೆಯಲ್ಲಿ ಆಗ ಮೂಸೋಡಿಯ ಕಪ್ಪು ಕಲ್ಲು ಬಂತು. ನಾವು ಲಾರಿ ಲಾರಿ ಕಲ್ಲು ದಡದಲ್ಲಿ ಸುರಿಯುತ್ತೇವೆ. ಅಲೆ ದಡಕ್ಕೆ ಬಂದ ಮೇಲೆ ಅದನ್ನು ತಡೆಯುವ ಪ್ರಯತ್ನ ಅದು. ಕಲ್ಲಿಗೆ ಬಡಿದ ಅಲೆ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತದೆ, ಕಲ್ಲು ಕುಸಿಯುತ್ತದೆ, ಮತ್ತೆ ಲಾರಿ. ಉಳ್ಳಾಲದಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ತಂದು ಕಡಲಿನೊಳಗೇ, ದಡದಿಂದ ದೂರದಲ್ಲಿ, ನೀರಿನಡಿಯ ದಿಬ್ಬ ಕಟ್ಟಿದ್ದು ಓದುಗರಿಗೆ ನೆನಪಿರಬಹುದು. ಅದಕ್ಕೆ ಎಂಜಿನಿಯರರು ಇಟ್ಟ ಹೆಸರೂ ರೀಫ್. ಅಲೆ ದಡ ಮುಟ್ಟುವ ಮೊದಲೇ ಅದರ ಬಲ ಮುರಿಯಬೇಕು ಎಂಬುದು ಅದರ ಹಿಂದಿನ ಯೋಚನೆ. ನಾವು ಸಾಲ ಮಾಡಿ ಚೀಲ ತುಂಬಿಸಿ ಕಟ್ಟುವ ಅದೇ ಗೋಡೆ ಕಡ್ಮತ್ತಿನಲ್ಲಿ ತಾನಾಗಿ ಇದೆ. ಒಡೆದರೆ ತಾನೇ ಬೆಳೆದು ಸರಿಯಾಗುತ್ತದೆ, ದಡಕ್ಕೆ ಬೇಕಾದ ಮರಳನ್ನೂ ಅದೇ ಕೊಡುತ್ತದೆ. ಆದರೆ ಒಂದು ಷರತ್ತಿದೆ. ಆ ಗೋಡೆಗೆ ಜೀವ ಇರಬೇಕು.

ನಾನು ನೋಡಿದ ದಿಬ್ಬದಲ್ಲಿ ಜೀವ ಇದ್ದ ಜಾಗವೂ ಇತ್ತು, ಇಲ್ಲದ ಜಾಗವೂ ಇತ್ತು. ಒಂದು ಕಡೆ ಜಿಂಕೆಯ ಕೊಂಬಿನಂಥ ಹವಳ, ಅದರ ನಡುವೆ ಹಳದಿ ಮೀನಿನ ಮರಿಗಳು. ಅದರ ಪಕ್ಕದಲ್ಲೇ ಒಂದು ಕೋಣೆಯಷ್ಟು ದೊಡ್ಡ ಜಾಗ ಬೂದಿ ಬಣ್ಣ, ಮೇಲೆ ಪಾಚಿಯ ಲೋಳೆ, ಮುರಿದ ಕೊಂಬುಗಳ ರಾಶಿ. ಮನೆ ಬಿದ್ದ ಜಾಗದ ಹಾಗೆ ಕಂಡಿತು. ಸಮುದ್ರದ ನೀರು ಬೇಸಿಗೆಯಲ್ಲಿ ಇರಬೇಕಾದ್ದಕ್ಕಿಂತ ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ ಸಾಕು, ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ, ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿದರೆ ಬದುಕುತ್ತದೆ, ಇಲ್ಲದಿದ್ದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. 2024ರ ಬೇಸಿಗೆಯಲ್ಲಿ ಮತ್ತೆ ಆಯಿತು, ಅಂದರೆ ಆ ಪ್ರಸಿದ್ಧ ಫೋಟೋಗಳು ಬಂದ ಕೆಲವೇ ತಿಂಗಳಲ್ಲಿ. 1998ರಿಂದ ಈ ದಿಬ್ಬಗಳನ್ನು ಗಮನಿಸುತ್ತಾ ಬಂದ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ವಿಜ್ಞಾನಿಗಳ ಲೆಕ್ಕದಲ್ಲಿ 24 ವರ್ಷದಲ್ಲಿ ಜೀವಂತ ಹವಳದ ಹೊದಿಕೆ ಸುಮಾರು ಅರ್ಧಕ್ಕೆ ಇಳಿದಿದೆ. ಒಂದು ಬಿಸಿಯಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬರುತ್ತಿದೆ.

ಬಂಗಾರಂ ಹತ್ತಿರ ಪರಳಿ-1 ಎಂಬ ಸಣ್ಣ ದ್ವೀಪವಿತ್ತು. ಜನ ವಾಸವಿರಲಿಲ್ಲ. 1968ರಲ್ಲಿ ಅದರ ವಿಸ್ತೀರ್ಣ 0.032 ಚದರ ಕಿಲೋಮೀಟರ್, ಅಂದರೆ ಸುಮಾರು ಎಂಟು ಎಕರೆ. ಅದು ಈಗ ಇಲ್ಲ. ಪೂರ್ತಿ ಕೊರೆದುಹೋಗಿದೆ ಅಂತ 2017ರಲ್ಲಿ ಸುದ್ದಿಯಾಯಿತು. ಹುಡುಗನ ಹತ್ತಿರ ಇದರ ಬಗ್ಗೆ ಕೇಳಿದೆ. ಅವನು ಡೈವಿಂಗ್ ಸಾಮಾನು ತೊಳೆಯುತ್ತಾ, ತಲೆ ಎತ್ತದೆ, ತಾನು ಚಿಕ್ಕವನಿದ್ದಾಗ ಆಡಿದ ದಡವೂ ಈಗ ಹಿಂದೆ ಬಂದಿದೆ ಅಂದ. ಪ್ರವಾಸಿಗರ ಎದುರು ಇದನ್ನು ಹೇಳುವುದು ಕಡಿಮೆ, ರಜೆಯಲ್ಲಿ ಬಂದವರ ಖುಷಿ ಯಾಕೆ ಕೆಡಿಸಬೇಕು ಅಂತ ಅವನ ಮಾತು. ನಾನು ಮೂಸೋಡಿಯ ಮನೆಯ ಕಥೆ ಹೇಳಿದೆ. ಆಮೇಲೆ ಅವನು ಬೇರೆ ರೀತಿ ಮಾತಾಡಿದ, ಮನೆಯವರ ಹತ್ತಿರ ಮಾತಾಡುವ ಹಾಗೆ.

ಹಾಗಾದರೆ ಹೋಗಬಾರದೇ ಅಂತ ಕೇಳಬಹುದು. ಹೋಗಬಾರದು ಅಂತ ನಾನು ಹೇಳುವುದಿಲ್ಲ. ಆ ಹುಡುಗನಂಥವರ ಅನ್ನ ಅದರಲ್ಲಿದೆ. ದಿಬ್ಬ ಬದುಕಿದ್ದರೆ ಮಾತ್ರ ಡೈವಿಂಗ್ ಇರುವುದರಿಂದ ಅದನ್ನು ಕಾಯುವವರಲ್ಲಿ ಅವನೂ ಒಬ್ಬ. ಆದರೆ ನೆರೆಮನೆಗೆ ಹೋದವರ ಹಾಗೆ ಹೋಗಬೇಕು. ನನಗೆ ಗೊತ್ತಾದಷ್ಟು ಹೇಳುತ್ತೇನೆ. ಹವಳವನ್ನು ಮುಟ್ಟಬಾರದು, ಅದರ ಮೇಲೆ ನಿಲ್ಲಬಾರದು. ಕೊಂಬಿನ ಜಾತಿಯ ಹವಳ ವರ್ಷಕ್ಕೆ ಕೆಲವೇ ಸೆಂಟಿಮೀಟರ್, ಬಂಡೆಯಂಥ ಜಾತಿ ಅದಕ್ಕಿಂತಲೂ ಕಡಿಮೆ ಬೆಳೆಯುತ್ತದೆ. ಕಾಲಿನ ಒಂದು ಒದೆತಕ್ಕೆ ಮುರಿದದ್ದು ಮಗನ ಮದುವೆಯ ಹೊತ್ತಿಗೂ ಸರಿಯಾಗಿರುವುದಿಲ್ಲ. ನೀರಿನಲ್ಲಿ ತೇಲಲು ಸರಿಯಾಗಿ ಕಲಿಯುವ ಮೊದಲು ದಿಬ್ಬದ ಹತ್ತಿರ ಹೋಗಲು ಅವಸರ ಮಾಡಬಾರದು. ದಡದಲ್ಲಿ ಬಿದ್ದ ಹವಳದ ತುಂಡನ್ನೂ ಶೋಕೇಸಿಗೆ ಅಂತ ತರಬಾರದು. ದಿಬ್ಬ ಕಟ್ಟುವ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿ ಆನೆಗಳ ಜೊತೆಗೆ. ಸನ್‌ಸ್ಕ್ರೀನ್ ಹಚ್ಚುವುದಾದರೆ ಆಕ್ಸಿಬೆನ್ಝೋನ್ ಇಲ್ಲದ್ದನ್ನು ನೋಡಿ ತೆಗೆದುಕೊಳ್ಳಿ. ಹವಳಕ್ಕೆ ಹಾನಿ ಅಂತ ಪಲಾವು ದೇಶ 2020ರಿಂದ, ಅಮೆರಿಕದ ಹವಾಯಿ 2021ರಿಂದ ಅಂಥದ್ದರ ಮಾರಾಟ ನಿಲ್ಲಿಸಿವೆ. ಮೈ ಮುಚ್ಚುವ ನಮ್ಮ ಬಟ್ಟೆ ಇಲ್ಲಿ ಅನುಕೂಲಕ್ಕೇ ಬಂತು, ನನಗೆ ಕ್ರೀಮೇ ಬೇಕಾಗಲಿಲ್ಲ. ನೀರಿನ ಬಳಕೆಯಲ್ಲಿ ಮಿತಿ ಇರಲಿ, ಆ ಬಾವಿಯ ಲೆಕ್ಕ ಮೇಲೆ ಹೇಳಿದ್ದೇನೆ. ಪ್ಲಾಸ್ಟಿಕ್ಕನ್ನು ವಾಪಸ್ ತನ್ನಿ, ಅಲ್ಲಿ ಕಸ ಹಾಕಲು ಆಚೆ ಜಾಗ ಅಂತ ಇಲ್ಲ.

ಇದಿಷ್ಟರಿಂದ ಕಡಲು ತಣ್ಣಗಾಗುವುದಿಲ್ಲ ಎಂಬುದು ನನಗೂ ಗೊತ್ತು. ಕಡಲು ಬಿಸಿಯಾಗುತ್ತಿರುವುದು ಜಗತ್ತಿನ ಎಲ್ಲರ ಹೊಗೆಯಿಂದ, ಅದರಲ್ಲಿ ದ್ವೀಪದವರ ಪಾಲು ಎಷ್ಟು ಸಣ್ಣದು ಅಂತ ಹೇಳಬೇಕಾಗಿಲ್ಲ. ಆದರೆ ಬಿಸಿಯಿಂದ ಬಳಲಿದ ಹವಳಕ್ಕೆ ಒದೆತ, ಲಂಗರು, ಕೊಳಚೆ ಕೂಡ ಸೇರಿದರೆ ಅದು ಏಳುವುದೇ ಇಲ್ಲ. ಸತ್ತ ಜಾಗದ ನಡುವೆ ಅಂಗೈಯಷ್ಟು ಅಗಲದ ಹೊಸ ಹವಳಗಳನ್ನೂ ನಾನು ನೋಡಿದೆ. ಹುಡುಗ ಅವನ್ನು ಒಂದೊಂದಾಗಿ ಬೆರಳು ಮಾಡಿ ತೋರಿಸಿದ, ಎಲ್ಲವೂ ಅವನಿಗೆ ಗುರುತಿತ್ತು.

ಮನೆಗೆ ಬಂದ ಮೇಲೆ ಮಗ ತೆಗೆದ ವಿಡಿಯೋಗಳನ್ನು ಉಮ್ಮನಿಗೆ ತೋರಿಸಿದೆವು. ನಾನು ಇಳಿಯುವ ದೃಶ್ಯ ಬಂದಾಗ ಅವರು ಮುಖ ತಿರುಗಿಸಿದರು. ಗಿಣಿಮೀನು ನೋಡಿ ನಕ್ಕರು. ಆಮೇಲೆ ಬೂದಿ ಬಣ್ಣದ ಜಾಗ ಬಂತು. ಅದು ಏನು ಅಂತ ಕೇಳಿದರು. ನಾನು ದಿಬ್ಬದ ವಿಷಯ, ಮರಳಿನ ವಿಷಯ, ದ್ವೀಪದ ಅಗಲ ಎಲ್ಲ ಹೇಳಿದೆ. ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗೆ ಹೈವೇಯ ಆಚೆ ಜಾಗ ಇತ್ತು. ಅವರಿಗೆ ಆಚೆ ಏನಿದೆ?" ಅಂತ ಕೇಳಿದರು.

ಮಗ ಫೋನಿನಲ್ಲಿ ಮ್ಯಾಪ್ ತೆರೆದು ಕಡ್ಮತ್ತನ್ನು ತೋರಿಸಿದ. ಉಮ್ಮ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಅಲ್ಲಿಂದ ಮಂಗಳೂರಿನ ಬಂದರು ಯಾವ ಕಡೆ ಅಂತ ಕೇಳಿದರು. ಮಗ ಬೆರಳಿನಿಂದ ಎಳೆದು ತೋರಿಸಿದ, ನಡುವೆ ಬರೀ ನೀಲಿ. ಬಂದರಿನ ಓಡಗಳ ಬಗ್ಗೆ ಅಜ್ಜ ಹೇಳುತ್ತಿದ್ದ ಕಥೆಯನ್ನು ಅವರು ಆ ರಾತ್ರಿ ಅವನಿಗೆ ಮೊದಲಿನಿಂದ ಹೇಳಿದರು.